ಮನೆ ಇದ್ದಲ್ಲೇ ಇದೆ, ವಿಳಾಸ ಮಾತ್ರ ನಾಲ್ಕು

ಅಟ್ಟದ ಹಳೇ ಲಕೋಟೆಗಳಲ್ಲಿ ಗಡಿನಾಡಿನ ಚರಿತ್ರೆ; ಚೀಟಿ ಕತ್ತರಿಸಿದರೆ ಹೋಯಿತು

ಕಾಸರಗೋಡು: ಮಳೆಗಾಲ ಮುಗಿದು ಮನೆ ಗುಡಿಸಿ ಒರೆಸುವ ಹೊತ್ತಿಗೆ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಹಳೇ ಜಾತಕ, ಗೇಣಿ ಚೀಟಿ, ಅಡಿಕೆ ಮಂಡಿಯ ಲೆಕ್ಕ, ಅದರಡಿ ದಾರ ಕಟ್ಟಿದ ಒಂದು ಕಾಗದದ ಕಟ್ಟು. ‘ಇದೆಂತಕ್ಕೆ ಇನ್ನು? ಬರೆದವರೂ ಇಲ್ಲ, ಓದಿದವರೂ ಇಲ್ಲ’ ಎಂಬ ಮಾತು ಬಂದ ಮೇಲೆ ಆ ಕಟ್ಟಿಗೆ ಉಳಿಯುವುದು ಎರಡೇ ದಾರಿ. ಒಂದೋ ಬಚ್ಚಲ ಒಲೆ, ಇಲ್ಲವೇ ಗುಜರಿಯವನ ತಕ್ಕಡಿ. ಮನೆಯಲ್ಲಿ ಸ್ಟಾಂಪು ಸೇರಿಸುವ ಮಗು ಇದ್ದರೆ ಮೂರನೆಯದೊಂದು ದಾರಿಯುಂಟು: ಕತ್ತರಿ ತಂದು ಲಕೋಟೆಯ ಮೂಲೆಯಲ್ಲಿರುವ ಅಂಚೆ ಚೀಟಿಯನ್ನು ಚೌಕಾಕಾರಕ್ಕೆ ಕತ್ತರಿಸಿ, ಬೋಗುಣಿ ನೀರಿನಲ್ಲಿ ನೆನೆಹಾಕಿ ಬಿಡಿಸಿ, ಆಲ್ಬಮ್ಮಿಗೆ ಅಂಟಿಸುವುದು. ಉಳಿದ ಲಕೋಟೆ ಮತ್ತೆ ಒಲೆಗೇ.

ನೋಡಿದರೆ ಮೂರನೆಯ ದಾರಿ ಒಳ್ಳೆಯದೆಂದು ಅನ್ನಿಸುತ್ತದೆ. ಮಗು ಏನೋ ಒಂದನ್ನು ಉಳಿಸಿತಲ್ಲ ಎಂಬ ಸಮಾಧಾನ. ಆದರೆ ಅಂಚೆ ಸಂಗ್ರಹದಲ್ಲಿ ಪಳಗಿದವರಿಗೆ ಹೊಟ್ಟೆ ಉರಿಯುವುದು ಇದನ್ನು ಕಂಡಾಗಲೇ. ಯಾಕೆಂದರೆ ಕತ್ತರಿಸಿ ತೆಗೆದ ಚೀಟಿಯಂಥದ್ದು ಲಕ್ಷಗಟ್ಟಲೆ ಅಚ್ಚಾಗಿದೆ, ಎಲ್ಲಿ ಬೇಕಾದರೂ ಸಿಗುತ್ತದೆ. ಒಲೆಗೆ ಹೋದ ಲಕೋಟೆ ಮಾತ್ರ ಜಗತ್ತಿನಲ್ಲಿ ಒಂದೇ. ಅದರ ಮೇಲೆ ನಿಮ್ಮ ಅಜ್ಜನ ಹೆಸರಿತ್ತು, ಊರಿತ್ತು, ಆ ಊರು ಅಂದು ಯಾವ ಜಿಲ್ಲೆ ಯಾವ ರಾಜ್ಯದಲ್ಲಿತ್ತು ಎಂಬುದಿತ್ತು, ತಾರೀಕು ಸಮೇತ ಅಂಚೆ ಕಚೇರಿಯ ಠಸ್ಸೆ ಇತ್ತು. ಗಡಿಯಾಚೆ ಉಳಿದ ಕನ್ನಡ ಮನೆಗಳ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ.

ಅಂಟಿಸಿದ್ದು ಬೇರೆ, ಅಚ್ಚಾದದ್ದು ಬೇರೆ

ಮೊದಲು ಲಕೋಟೆಯ ಜಾತಿ ತಿಳಿದುಕೊಳ್ಳಬೇಕು. ಅಂಗಡಿಯಿಂದ ತಂದ ಖಾಲಿ ಲಕೋಟೆಗೆ ಚೀಟಿ ಅಂಟಿಸಿ ಕಳುಹಿಸಿದ್ದು ಒಂದು ಬಗೆ. ಅಂಚೆ ಕಚೇರಿಯಲ್ಲೇ ಮಾರುವ, ಮೂಲೆಯಲ್ಲಿ ಚೀಟಿ ಅಚ್ಚಾಗಿಯೇ ಬಂದಿರುವ ಲಕೋಟೆ ಇನ್ನೊಂದು ಬಗೆ. ನಮ್ಮ ಕಡೆ ‘ಪೋಸ್ಟಾಫೀಸಿನ ಕವರು’ ಎಂದು ಕರೆಯುವುದು ಇದನ್ನೇ. ಪೋಸ್ಟ್ ಕಾರ್ಡು, ಇನ್‌ಲ್ಯಾಂಡ್ ಲೆಟರ್, ರಿಜಿಸ್ಟರ್ ಲಕೋಟೆಗಳೂ ಈ ಎರಡನೆಯ ಬಳಗಕ್ಕೇ ಸೇರುತ್ತವೆ. ಸಂಗ್ರಾಹಕರ ಭಾಷೆಯಲ್ಲಿ ಇವಕ್ಕೆ ‘ಪೋಸ್ಟಲ್ ಸ್ಟೇಷನರಿ’ ಎಂದು ಹೆಸರು.

ಅಚ್ಚಾದ ಲಕೋಟೆಯ ವಯಸ್ಸೂ ಅಂಟಿಸುವ ಚೀಟಿಯ ವಯಸ್ಸೂ ಒಂದೇ. 1840ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಅಂಚೆ ಚೀಟಿ ‘ಪೆನ್ನಿ ಬ್ಲ್ಯಾಕ್’ ಬಂದಾಗ, ಅದರ ಜೊತೆಯಲ್ಲೇ ವಿಲಿಯಂ ಮುಲ್ರೆಡಿ ಎಂಬ ಚಿತ್ರಕಾರ ಬರೆದ ಚಿತ್ರದ ಲಕೋಟೆಯೂ ಮಾರಾಟಕ್ಕೆ ಬಂತು. ಕಾಲ ಬಳಿ ಸಿಂಹವನ್ನಿಟ್ಟುಕೊಂಡು ಕೂತ ಬ್ರಿಟಾನಿಯ, ಸುತ್ತ ದೇಶವಿದೇಶದ ಜನ, ಆನೆ, ಒಂಟೆ! ಸರ್ಕಾರ ಲಕೋಟೆಯ ಮೇಲೇ ಹೆಚ್ಚು ಭರವಸೆ ಇಟ್ಟಿತ್ತು. ಜನ ಮಾತ್ರ ನಕ್ಕು ಬದಿಗಿಟ್ಟರು. ಅಂಟಿಸುವ ಪುಟ್ಟ ಚೀಟಿ ಗೆದ್ದಿತು. ಉಳಿದುಹೋದ ಲಕೋಟೆಗಳನ್ನು ನಾಶ ಮಾಡುವುದೇ ಸರ್ಕಾರಕ್ಕೆ ಒಂದು ಕೆಲಸವಾಯಿತು. ಇಂದು ಅದೇ ಲಕೋಟೆಗೆ ಸಂಗ್ರಾಹಕರು ಹುಡುಕಾಡುತ್ತಾರೆ.

ಭಾರತದಲ್ಲಿ 1854ರ ಅಕ್ಟೋಬರ್ 1ರಿಂದ ದೂರದ ಲೆಕ್ಕ ಬಿಟ್ಟು ತೂಕದ ಲೆಕ್ಕದಲ್ಲಿ ದೇಶಕ್ಕೆಲ್ಲ ಒಂದೇ ಅಂಚೆ ದರ ಜಾರಿಗೆ ಬಂತು. ಅದೇ ದಶಕದಲ್ಲಿ ಅರ್ಧ ಆಣೆ, ಒಂದು ಆಣೆಯ ಅಚ್ಚಾದ ಲಕೋಟೆಗಳೂ ಲಂಡನ್ನಿನಿಂದ ಬಂದವು. ವಿಕ್ಟೋರಿಯಾ ರಾಣಿಯ ತಲೆ ಕಾಗದದಿಂದ ಉಬ್ಬಿ ನಿಲ್ಲುವಂತೆ ಒತ್ತಿದ್ದು, ಬೆರಳಾಡಿಸಿದರೆ ಗೊತ್ತಾಗುತ್ತದೆ. 1879ರ ಜುಲೈ 1ರಂದು ಕಾಲಾಣೆಯ ಪೋಸ್ಟ್ ಕಾರ್ಡು, ಸ್ವಾತಂತ್ರ್ಯದ ನಂತರ 1950ರ ಅಕ್ಟೋಬರ್ 2ರಂದು ಇನ್‌ಲ್ಯಾಂಡ್ ಲೆಟರ್. ನವಿಲಿನ ಇನ್‌ಲ್ಯಾಂಡು, ಹುಲಿಯ ಕಾರ್ಡು ಕಾಣದ ಮನೆ ನಮ್ಮ ಕಡೆ ಇರಲಾರದು.

ಹಿಂದಿನ ಕಾಲದ ಸಂಗ್ರಾಹಕರೂ ಇವನ್ನು ಬಿಡಲಿಲ್ಲ, ಕತ್ತರಿಸಿದರು. ಆಲ್ಬಮ್ಮಿನ ಹಾಳೆಯಲ್ಲಿ ಚೀಟಿಗಷ್ಟೇ ಜಾಗ. ಇಡೀ ಲಕೋಟೆ ಹಿಡಿಸುವುದಿಲ್ಲವಲ್ಲ! ಮುದ್ರೆ ಇದ್ದ ಚೌಕವನ್ನಷ್ಟೇ ಕತ್ತರಿಸಿ ಅಂಟಿಸಿ, ಉಳಿದದ್ದನ್ನು ಎಸೆದರು. ಈಗ ಪ್ರದರ್ಶನ, ಸ್ಪರ್ಧೆಗಳಲ್ಲಿ ಅದು ನಡೆಯುವುದಿಲ್ಲ. ಲಕೋಟೆಯನ್ನು ಇಡಿಯಾಗಿಯೇ ತೋರಿಸಬೇಕು. ಇಡಿಯದು ಸಿಗುವುದೇ ಕಷ್ಟ ಎನ್ನುವಷ್ಟು ಅಪರೂಪದ್ದಾದರೆ ಮಾತ್ರ ಕತ್ತರಿಸಿದ ತುಂಡಿಗೆ ರಿಯಾಯಿತಿ. ಕಾರಣ ಸರಳ. ಲಕೋಟೆಯ ಅಳತೆ, ಕಾಗದದ ಬಣ್ಣ, ಬೆಳಕಿಗೆ ಹಿಡಿದರೆ ಕಾಣುವ ನೀರಚ್ಚು, ಹಿಂಬದಿಯ ಮಡಿಕೆ ಚೂಪೋ ದುಂಡೋ ಎಂಬುದು, ಇವೆಲ್ಲ ಸೇರಿಯೇ ಅದು ಯಾವ ಕಾಲದ್ದು, ಯಾವ ಮುದ್ರಣದ್ದು ಎಂದು ಹೇಳುತ್ತವೆ.

ಇನ್ನೊಂದು ಸ್ವಾರಸ್ಯ ಇದೆ. ದರ ಏರಿದಾಗ ಹಳೇ ದರದ ಅಚ್ಚಾದ ಲಕೋಟೆಯನ್ನು ಯಾರೂ ಬಿಸಾಡುತ್ತಿರಲಿಲ್ಲ. ಕಡಿಮೆ ಬಿದ್ದಷ್ಟಕ್ಕೆ ಪಕ್ಕದಲ್ಲೊಂದು ಚೀಟಿ ಅಂಟಿಸಿ ಕಳುಹಿಸುತ್ತಿದ್ದರು. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾ ಪೈಸೆ ಬಂದ ಹೊತ್ತಿನ ಲಕೋಟೆಗಳಲ್ಲಿ ಆಣೆಯ ಮುದ್ರೆಯೂ ನಯಾ ಪೈಸೆಯ ಚೀಟಿಯೂ ಅಕ್ಕಪಕ್ಕ ಕೂತಿರುವುದುಂಟು. 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರ ವರೆಗಿನ ಲಕೋಟೆಗಳಾದರೆ ಐದು ಪೈಸೆಯ ಒಂದು ಹೆಚ್ಚಿನ ಚೀಟಿ ಕಾಣಿಸುತ್ತದೆ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ ಬಂದ ನಿರಾಶ್ರಿತರಿಗಾಗಿ ಹಾಕಿದ ತೆರಿಗೆ ಅದು. ಬದಿಯಡ್ಕದಿಂದ ಪುತ್ತೂರಿಗೆ ಮಗಳ ಬಾಣಂತನದ ಬಗ್ಗೆ ಬರೆದ ಕಾಗದವೂ ಆ ಐದು ಪೈಸೆ ಕೊಟ್ಟೇ ಹೋಗಬೇಕಿತ್ತು.

ನಾಲ್ಕು ವಿಳಾಸದ ಮನೆ

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. 1956ರ ಅಕ್ಟೋಬರ್ 31ರ ವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಗ ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ‘ಸೌತ್ ಕೆನರಾ’ ಅಥವಾ ಚುಟುಕಾಗಿ ‘ಎಸ್.ಕೆ.’, ಕನ್ನಡದಲ್ಲಿ ‘ದ.ಕ.’. ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ತಾಲೂಕು ಕೇರಳಕ್ಕೆ ಸೇರಿತು, ಜಿಲ್ಲೆ ಮಲಬಾರ್. ಅದೂ ಎಷ್ಟು ದಿನ? ಎರಡೇ ತಿಂಗಳು. 1957ರ ಜನವರಿ 1ರಂದು ಮಲಬಾರ್ ಜಿಲ್ಲೆ ಮೂರು ಭಾಗವಾಗಿ ನಾವು ಕಣ್ಣೂರಿಗೆ ಸೇರಿದೆವು. ಕೊನೆಗೆ 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು. ಮೂವತ್ತು ವರ್ಷದೊಳಗೆ ನಾಲ್ಕು ಜಿಲ್ಲೆ! ಮನೆಯ ಹೊಸ್ತಿಲು ಒಂದಿಂಚು ಕದಲಲಿಲ್ಲ, ತೋಟದ ಬೇಲಿ ಅಲ್ಲೇ ಇತ್ತು.

ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈ (1883–1963) ಅವರನ್ನೇ ತೆಗೆದುಕೊಳ್ಳಿ. 1949ರಲ್ಲಿ ಮದ್ರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಗೌರವ ಕೊಟ್ಟಾಗ ಅವರಿಗೆ ಅಭಿನಂದನೆ ಬರೆದವರು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಬರೆಯಬೇಕಿತ್ತು. 1960ರಲ್ಲಿ ಬರೆಯುವವರು ಕೇರಳದ ಕಣ್ಣೂರು ಜಿಲ್ಲೆಗೆ. ಕವಿ ಅದೇ ಮನೆಯಲ್ಲಿ, ಅದೇ ಪುಸ್ತಕಗಳ ನಡುವೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವಮಾನವಿಡೀ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈ (1915–2015) ಅವರದ್ದು ಇನ್ನೂ ದೊಡ್ಡ ಆಯುಷ್ಯ, ನೂರು ವರ್ಷ. ಬದಿಯಡ್ಕದ ಅವರ ‘ಕವಿತಾ ಕುಟೀರ’ದ ಕಡೆಗೆ ಬರುವ ಕಾಗದಗಳು ಈ ಎಲ್ಲ ಜಿಲ್ಲೆಗಳ ಹೆಸರಲ್ಲೂ ಬಂದಿರಬೇಕಾದ ಕಾಲ ಅದು. ಹೋರಾಟದ ಭಾಷಣ, ಠರಾವುಗಳು ಪತ್ರಿಕೆಗಳಲ್ಲಿ, ಕಡತಗಳಲ್ಲಿ ಉಳಿದಿವೆ. ಸಾಮಾನ್ಯ ಮನೆಗಳಲ್ಲಿ ಆ ಬದಲಾವಣೆ ಉಳಿದಿರುವುದು ಇಂಥ ಲಕೋಟೆಗಳಲ್ಲಿ ಮಾತ್ರ.

ಹೀಗಾಗಿ 1956ರ ನವೆಂಬರ್, ಡಿಸೆಂಬರ್ ತಿಂಗಳ ಠಸ್ಸೆ ಇರುವ ಲಕೋಟೆ ನಿಮ್ಮ ಕಟ್ಟಿನಲ್ಲಿದ್ದರೆ ಎರಡೆರಡು ಸಲ ನೋಡಿ. ವಿಳಾಸದಲ್ಲಿ ಏನು ಬರೆದಿದ್ದಾರೆ? ಹಳೇ ರೂಢಿಯ ‘ದ.ಕ.’ವೋ, ಹೊಸ ‘ಮಲಬಾರೋ’, ಬರೀ ಊರ ಹೆಸರೋ? ಗಡಿ ಬದಲಾದ ಮರುದಿನವೇ ಬರೆಯುವವರ ಕೈ ಬದಲಾಗುವುದಿಲ್ಲ. ಠಸ್ಸೆಯೂ ಅಷ್ಟೇ. ಊರ ಹೆಸರಿನ ಜೊತೆ ಜಿಲ್ಲೆಯ ಅಕ್ಷರಗಳೂ ಕೆತ್ತಿದ್ದ ಹಳೇ ಠಸ್ಸೆ ಇದ್ದ ಕಡೆ, ಹೊಸತು ಬರುವವರೆಗೆ ಹಳೆಯದರಲ್ಲೇ ಕೆಲಸ ಸಾಗುತ್ತಿತ್ತು. ಸರ್ಕಾರಿ ಗೆಜೆಟ್ಟಿನಲ್ಲಿ ಗಡಿ ಒಂದು ರಾತ್ರಿಯಲ್ಲಿ ಸರಿದರೂ ಅಂಚೆಯಲ್ಲಿ ಅದು ನಿಧಾನಕ್ಕೆ ಸರಿಯಿತು.

1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದ ಮೇಲೆ ಈ ಅನುಮಾನಕ್ಕೆಲ್ಲ ಅವಕಾಶ ಉಳಿಯಲಿಲ್ಲ. ಮಂಗಳೂರಿಗೆ 575, ತಲಪಾಡಿ ದಾಟಿದರೆ ಮಂಜೇಶ್ವರಕ್ಕೆ 671. ಗೇಟು, ಚೆಕ್‌ಪೋಸ್ಟು ಕಾಣದವರಿಗೂ ಗಡಿ ಎಲ್ಲಿದೆ ಎಂದು ಮೊದಲ ಅಂಕಿಯೇ ಹೇಳುತ್ತದೆ.

ರಾಯದುರ್ಗದಿಂದ ಗೋವೆಯ ವರೆಗೆ

ಇದು ಕಾಸರಗೋಡಿನವರ ಕತೆ ಮಾತ್ರ ಎಂದುಕೊಳ್ಳಬೇಡಿ. ಗಡಿಯುದ್ದಕ್ಕೂ ನಂಟರಿರುವ ಮನೆಗಳು ತಮ್ಮ ತಮ್ಮ ಕಟ್ಟು ಬಿಚ್ಚಿದರೆ ಇಂಥದ್ದೇ ಸಿಗುತ್ತದೆ. ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು 1953ರ ಸೆಪ್ಟೆಂಬರ್ ಕೊನೆಯ ತನಕ ಬಳ್ಳಾರಿ ಜಿಲ್ಲೆಯವು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಮೈಸೂರಿಗೆ ಬಂತು, ಈ ಮೂರು ಅತ್ತ ಉಳಿದವು. ರಾಯದುರ್ಗ ಅನಂತಪುರಕ್ಕೆ, ಆದೋನಿ ಮತ್ತು ಆಲೂರು ಕರ್ನೂಲಿಗೆ. ಗದ್ವಾಲ ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ಆಂಧ್ರಪ್ರದೇಶದ ಮಹಬೂಬನಗರಕ್ಕೆ, 2014ರಲ್ಲಿ ತೆಲಂಗಾಣಕ್ಕೆ, 2016ರಲ್ಲಿ ಜೋಗುಳಾಂಬ ಗದ್ವಾಲ ಎಂಬ ತನ್ನದೇ ಜಿಲ್ಲೆಗೆ. ಹೈದರಾಬಾದಿನ ನಿಜಾಮರಿಗೆ 1950ರ ಮಾರ್ಚ್ ಕೊನೆಯ ವರೆಗೂ ಸ್ವಂತ ಅಂಚೆ, ಸ್ವಂತ ಚೀಟಿಗಳಿದ್ದವು ಎಂಬುದನ್ನು ಆ ಕಡೆಯವರು ನೆನಪಿಡಬೇಕು. ಆ ಕಾಲದ ಲಕೋಟೆ ಸಿಕ್ಕರೆ ‘ಇದೆಂಥ ಉರ್ದು ಚೀಟಿ’ ಎಂದು ಬಿಸಾಡದಿರಲಿ.

ಸೊಲ್ಲಾಪುರಕ್ಕೆ ಹಳೇ ಇಂಗ್ಲಿಷ್ ಬರಹದಲ್ಲಿ ‘ಶೋಲಾಪುರ್’. ರಾಜ್ಯ ಮುಂಬಯಿ, 1960ರ ಮೇ 1ರಿಂದ ಮಹಾರಾಷ್ಟ್ರ. ಹೊಸೂರಿನವರಿಗೆ ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಅಷ್ಟರ ನಡುವೆ 1969ರಲ್ಲಿ ಮದ್ರಾಸು ರಾಜ್ಯದ ಹೆಸರೇ ತಮಿಳುನಾಡಾಯಿತು. ತಾಳವಾಡಿಯ ಲಕೋಟೆಗಳಲ್ಲಿ ಕೊಯಮತ್ತೂರು, 1979ರ ಮೇಲೆ ಪೆರಿಯಾರ್ ಜಿಲ್ಲೆ, ಆಮೇಲೆ ಅದೇ ಜಿಲ್ಲೆಗೆ ಈರೋಡು ಎಂಬ ಹೆಸರು. ವಯನಾಡು ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು.

ಗೋವೆಯದು ಎಲ್ಲಕ್ಕಿಂತ ಸ್ವಾರಸ್ಯ. 1961ರ ಡಿಸೆಂಬರ್ 19ರಂದು ಪೋರ್ಚುಗೀಸರ ಆಳ್ವಿಕೆ ಮುಗಿಯಿತು. ಭಾರತದ ಅಂಚೆ ಚೀಟಿ ಬಳಕೆಗೆ ಬಂದದ್ದು ಡಿಸೆಂಬರ್ 29ರಂದು. ಅದಾದ ಮೇಲೂ 1962ರ ಜನವರಿ 5ರ ವರೆಗೆ ಹಳೇ ಪೋರ್ಚುಗೀಸ್ ಚೀಟಿಗಳನ್ನು ಒಪ್ಪಿಕೊಂಡರು. ಒಂದು ವಾರ ಎರಡು ಸರ್ಕಾರಗಳ ಚೀಟಿಯೂ ನಡೆಯಿತು! ಆ ವಾರದ ಲಕೋಟೆಯಿಂದ ಚೀಟಿ ಕಿತ್ತರೆ ಉಳಿಯುವುದು ಒಂದು ಹಳೇ ಚೀಟಿ ಮಾತ್ರ. ಆ ವಾರವೇ ಕೈತಪ್ಪಿದ ಹಾಗೆ.

ಕನ್ನಡ ಇರುವುದು ಕೈಬರಹದಲ್ಲಿ

ಇಂಥ ಲಕೋಟೆಯನ್ನು ಮುಂದಿಟ್ಟುಕೊಂಡು ಅದರ ಮೇಲಿನ ಭಾಷೆಗಳನ್ನು ಲೆಕ್ಕ ಹಾಕಿ. ಚೀಟಿಯ ಮೇಲೆ ಇಂಗ್ಲಿಷ್, ಹಿಂದಿ. ಠಸ್ಸೆಯಲ್ಲಿ ಬ್ರಿಟಿಷರ ಕಾಲದಲ್ಲಿ ಇಂಗ್ಲಿಷ್, ಆಮೇಲೆ ಸಾಮಾನ್ಯವಾಗಿ ಇಂಗ್ಲಿಷ್ ಮತ್ತು ಹಿಂದಿ. ಕನ್ನಡ ಎಲ್ಲಿದೆ? ಬರೆದವರ ಕೈಬರಹದಲ್ಲಿ. ‘ಚಿ| ರಾ|’, ‘ತೀರ್ಥರೂಪ ಸಮಾನರಾದ’, ‘ಇಂತಿ ಬೇಡುವ ಆಶೀರ್ವಾದಗಳು’ ಎಂಬ ಸಾಲುಗಳು ಒಳಗೆ. ಹೊರಗೆ ವಯಾ ಹಾಕಿದ ವಿಳಾಸ, ‘ಇಂಥವರ ಮನೆ, ಇಂಥ ದೇವಸ್ಥಾನದ ಹತ್ತಿರ’ ಎಂಬ ಗುರುತು. ಆ ಕನ್ನಡ ವಿಳಾಸವನ್ನು ಓದಿ ಗುಡ್ಡ ಹತ್ತಿ ಗದ್ದೆ ದಾಟಿ ತಲುಪಿಸಿದ ಅಂಚೆಯಣ್ಣ ಊರಿನವನೇ. ಕಚೇರಿಯ ಭಾಷೆ ಬದಲಾದ ಮೇಲೂ ಈ ಕಡೆ ಕನ್ನಡದಲ್ಲೇ ವಿಳಾಸ ಬರೆಯುತ್ತಿದ್ದರು, ಅದು ತಲುಪುತ್ತಿತ್ತು ಎನ್ನುವುದಕ್ಕೆ ಹಿಂಬದಿಯಲ್ಲಿ ಒತ್ತಿದ ತಲುಪಿದ ದಿನದ ಠಸ್ಸೆಗಿಂತ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಅಲ್ಪಸಂಖ್ಯಾತ ಭಾಷೆಯ ಹಕ್ಕಿನ ಬಗ್ಗೆ ಮನವಿ ಬರೆಯುವವರು ಇದನ್ನು ಗಮನಿಸಿದಂತಿಲ್ಲ.

ಮುಂದಿನ ಠಸ್ಸೆ ಹೊರಟ ದಿನ, ಹಿಂದಿನದು ತಲುಪಿದ ದಿನ. ಎರಡನ್ನೂ ಕೂಡಿಸಿ ನೋಡಿದರೆ ಆ ಕಾಲದಲ್ಲಿ ಕಾಗದ ಎಷ್ಟು ದಿನ ತೆಗೆದುಕೊಳ್ಳುತ್ತಿತ್ತೆಂದು ತಿಳಿಯುತ್ತದೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದರ ಹಿಂದಿನ ಮತ್ತು ಮುಂದಿನ ಕಾಗದ ಎರಡೂ ಸಿಕ್ಕರಂತೂ ಸರಿ. ಚೀಟಿ ಅಂಟಿಸದೆ ಹಾಕಿದ ‘ಬೇರಿಂಗ್’ ಕಾಗದವೂ ಸಿಗಬಹುದು. ತಲುಪಿದವರು ಇಮ್ಮಡಿ ದರ ಕೊಟ್ಟು ಬಿಡಿಸಿಕೊಳ್ಳಬೇಕಿತ್ತು. ದುಡ್ಡು ವಸೂಲಿ ಆಗಬೇಕಲ್ಲ, ಹಾಗಾಗಿ ಬೇರಿಂಗ್ ಕಾಗದ ಕಳೆದುಹೋಗುವುದಿಲ್ಲ ಎಂಬ ನಂಬಿಕೆಯೂ ಹಳಬರಲ್ಲಿತ್ತು!

ಉಳಿದದ್ದು, ಹರಿದದ್ದು

ಕಟ್ಟು ಬಿಚ್ಚಿದವರಿಗೆ ಕೆಲವು ಗುರುತುಗಳು ಕಾಣಿಸುತ್ತವೆ. ಲಕೋಟೆಯ ಮೂಲೆಯಲ್ಲಿ ಹಳದಿ ಕಲೆ ಇದ್ದರೆ ಅದು ಕೊಳೆಯಲ್ಲ, ಅರಿಶಿನ. ಮದುವೆ, ಉಪನಯನ, ಗೃಹಪ್ರವೇಶದ ಕಾಗದ. ಲಗ್ನಪತ್ರಿಕೆಗಳನ್ನು ಹಿಂಬದಿಯ ಮಡಿಕೆ ಅಂಟಿಸದೆ ಒಳಗೆ ಸಿಕ್ಕಿಸಿ ‘ಬುಕ್ ಪೋಸ್ಟ್’ ಎಂದು ಬರೆದು ಕಡಿಮೆ ದರದಲ್ಲಿ ಹಾಕುತ್ತಿದ್ದರು. ನಡುವೆ ತೂತು ಇದ್ದರೆ ಅದು ಹುಳು ಕೊರೆದದ್ದೇ ಆಗಬೇಕೆಂದಿಲ್ಲ. ಜಗಲಿಯ ಮಾಡಿಗೆ ತೂಗಹಾಕಿದ ತಂತಿಗೆ ಕಾಗದ ಚುಚ್ಚಿಡುವುದು ಹಿಂದೆ ಮನೆಮನೆಯ ರೂಢಿ. ತೂತು ಬಿದ್ದ ಲಕೋಟೆಯನ್ನು ಪ್ರದರ್ಶನದವರು ಸ್ವಲ್ಪ ಕಡಿಮೆ ಎಣಿಸಬಹುದು. ಮನೆಯವರಿಗೆ ಅದರಿಂದೇನು?

ಇನ್ನು ಸಿಗದೇ ಇರುವುದೂ ಒಂದು ಲೆಕ್ಕವೇ. ಸಾವಿನ ಸುದ್ದಿಯ ಕಾರ್ಡನ್ನು ಮನೆಯೊಳಗೆ ಇಡುವಂತಿಲ್ಲ, ಓದಿದ ಕೂಡಲೇ ಹರಿದು ಬಿಸಾಡಬೇಕು ಎಂಬುದು ಹಿಂದಿನವರ ಪದ್ಧತಿ. ಹಾಗಾಗಿ ಎಷ್ಟೇ ದೊಡ್ಡ ಕಟ್ಟಾದರೂ ಅದರಲ್ಲಿ ಹುಟ್ಟು, ಮದುವೆ, ಸಾಲ, ಬೆಳೆ, ಮಕ್ಕಳ ಪರೀಕ್ಷೆ ಎಲ್ಲ ಇರುತ್ತದೆ, ಸಾವು ಮಾತ್ರ ಇರುವುದಿಲ್ಲ. ಹಿರಿಯರು ತೀರಿಹೋದದ್ದು ಯಾವಾಗ ಎಂದು ಕಟ್ಟಿನಲ್ಲಿ ತಿಳಿಯುವುದು ಅವರ ಹೆಸರಿಗೆ ಬರುವ ಕಾಗದ ನಿಂತಾಗ.

ಕಾಸರಗೋಡಿನ ಕಟ್ಟುಗಳಲ್ಲಿ ಇನ್ನೊಂದು ಪದರವಿದೆ. ಮೊದಲು ಮುಂಬಯಿಯ ಹೋಟೆಲುಗಳಿಂದ ಬಂದ ಕಾರ್ಡುಗಳು. ಎಪ್ಪತ್ತರ ದಶಕದ ಮೇಲೆ ಅಂಚಿನಲ್ಲಿ ಬಣ್ಣದ ಪಟ್ಟೆ ಇರುವ ವಿಮಾನದ ಲಕೋಟೆಗಳು, ದುಬೈ, ಅಬುಧಾಬಿ, ಶಾರ್ಜಾದಿಂದ. ಸಂಯುಕ್ತ ಅರಬ್ ಸಂಸ್ಥಾನದ ಹೆಸರಿನ ಚೀಟಿ ಬಂದದ್ದು 1973ರಲ್ಲಿ. ಅದಕ್ಕೆ ಮೊದಲು 1963ರಿಂದ ದುಬೈಗೆ ಸ್ವಂತ ಚೀಟಿ. ಇನ್ನೂ ಹಿಂದೆ ಹೋದರೆ ಅಚ್ಚರಿ: 1909ರಲ್ಲಿ ದುಬೈಯಲ್ಲಿ ತೆರೆದದ್ದು ಭಾರತದ ಅಂಚೆ ಕಚೇರಿ, 1947ರ ವರೆಗೆ ಅಲ್ಲಿ ನಡೆದದ್ದು ಭಾರತದ ಚೀಟಿ. ಗಲ್ಫ್‌ನ ಈ ಲಕೋಟೆಗಳಲ್ಲಿ ಚೀಟಿ ಉಳಿದಿರುವುದು ಬಹಳ ಅಪರೂಪ. ವಿದೇಶಿ ಸ್ಟಾಂಪು ಎಂದರೆ ಶಾಲೆಯ ಮಕ್ಕಳು ಬಿಟ್ಟಾರೆಯೇ?

ಲಕ್ಷ ಬರ್ತದಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಬರುವುದಿಲ್ಲ. 1854ರ ನಾಲ್ಕಾಣೆಯ ಚೀಟಿಯಲ್ಲಿ ರಾಣಿಯ ತಲೆ ತಲೆಕೆಳಗಾಗಿ ಅಚ್ಚಾದದ್ದಕ್ಕೆ ದೊಡ್ಡ ಬೆಲೆ ಇದೆ, ಅದು ಲಕೋಟೆಯ ಮೇಲೇ ಉಳಿದಿದ್ದರೆ ಇನ್ನೂ ಹೆಚ್ಚು. ಆ ಕತೆ ಕೇಳಿ ಕೇಳಿಯೇ ನಮ್ಮವರಿಗೆ ಹಳೇ ಸ್ಟಾಂಪು ಎಂದರೆ ಲಾಟರಿ ಎಂಬ ಭ್ರಮೆ. ಅಟ್ಟದ ಕಟ್ಟಿನಲ್ಲಿ ಇರುವ ಹೆಚ್ಚಿನ ಲಕೋಟೆಗಳು ಮಾರಿದರೆ ಹತ್ತೋ ಐವತ್ತೋ ರೂಪಾಯಿ. ಕಟ್ಟನ್ನೇ ಒಟ್ಟಿಗೆ ಕೊಂಡುಹೋಗುವವರು ಅದರಲ್ಲಿ ನಾಲ್ಕನ್ನು ಹೆಕ್ಕಿ ಉಳಿದದ್ದನ್ನು ಚದುರಿಸುತ್ತಾರೆ. ಅಲ್ಲಿಗೆ ಒಂದು ಮನೆಯ ಐವತ್ತು ವರ್ಷ ಐವತ್ತು ಆಲ್ಬಮ್ಮುಗಳಿಗೆ ಹಂಚಿಹೋಗುತ್ತದೆ. ಇಂಥ ಕಟ್ಟಿಗೆ ಬೆಲೆ ಬರುವುದು ಒಟ್ಟಿಗೆ ಇದ್ದಾಗ. ಆ ಬೆಲೆ ದುಡ್ಡಿನದಲ್ಲ.

‘ಒಳಗಿನ ವಿಷಯ ಮನೆಯದು, ಊರಿಗೆಲ್ಲ ತೋರಿಸಲಿಕ್ಕಾಗುತ್ತದಾ’ ಎಂಬ ಹಿಂಜರಿಕೆಯೂ ನ್ಯಾಯವೇ. ಸಾಲದ ಮಾತು, ಪಾಲಿನ ಜಗಳ, ತವರಿಗೆ ಬರೆದ ಕಣ್ಣೀರು ಎಲ್ಲ ಅದರಲ್ಲಿರುತ್ತದೆ. ಅದಕ್ಕೆ ದಾರಿ ಇದೆ. ಕಾಗದವನ್ನು ಲಕೋಟೆಯಿಂದ ಬೇರೆ ಮಾಡಬೇಡಿ, ಯಾವ ಲಕೋಟೆಯದ್ದು ಯಾವ ಕಾಗದವೆಂದು ಆಮೇಲೆ ತಿಳಿಯುವುದಿಲ್ಲ. ತೋರಿಸುವಾಗ ಹೊರಮೈಯ ಚಿತ್ರ ತೆಗೆದು ಅದನ್ನು ಮಾತ್ರ ತೋರಿಸಿ. ವಿಳಾಸ, ಚೀಟಿ, ಠಸ್ಸೆ ಅಷ್ಟೂ ಹೊರಗೇ ಇದೆಯಲ್ಲ.

ಕರಾವಳಿಯ ಗಾಳಿಯಲ್ಲಿ ಕಾಗದ ಕಾಯುವುದು

ನಮ್ಮ ಹವೆ ಕಾಗದಕ್ಕೆ ಶತ್ರು. ನಾಲ್ಕು ತಿಂಗಳ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ, ಒರಲೆ ಬರುತ್ತದೆ, ಬೆಳ್ಳಿ ಹುಳು ಅಂಟಿನ ರುಚಿಗೆ ಲಕೋಟೆಯ ಮಡಿಕೆಯನ್ನೇ ತಿನ್ನುತ್ತದೆ. ಆದರೆ ಹುಳಕ್ಕಿಂತ ಹೆಚ್ಚು ಹಾಳು ಮಾಡುವುದು ಒಳ್ಳೆಯ ಮನಸ್ಸಿನವರೇ. ಲ್ಯಾಮಿನೇಶನ್ ಮಾಡಿಸುತ್ತಾರೆ, ಬಿಸಿಗೆ ಶಾಯಿ ಕೆಡುತ್ತದೆ, ಮತ್ತೆ ಬಿಡಿಸಲಿಕ್ಕೆ ಬರುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪು ಹಚ್ಚುತ್ತಾರೆ. ಕೆಲವೇ ವರ್ಷದಲ್ಲಿ ಅದು ಕಂದು ಕಲೆಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ರಬ್ಬರ್ ಬ್ಯಾಂಡು ಕರಗಿ ಅಂಟಿಕೊಳ್ಳುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ. ಹಪ್ಪಳದ ಹಾಗೆ ಅಂಗಳದ ಬಿಸಿಲಿಗೆ ಹರವಿದರೆ ಶಾಯಿಯ ಬಣ್ಣ ಹಾರುತ್ತದೆ. ಒಳಗೆ ನೆರಳಲ್ಲಿ, ಫ್ಯಾನಿನ ಗಾಳಿಗೆ ಆರಿಸಿದರೆ ಸಾಕು.

ಅಗ್ಗದ ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಕಾಗದ ಅಂಟುತ್ತದೆ. ಸಂಗ್ರಾಹಕರು ಬಳಸುವ ಪಾಲಿಯೆಸ್ಟರ್ ಹಾಳೆಯ ಚೀಲ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಒಳ್ಳೆ ಬಿಳಿ ಕಾಗದದಲ್ಲಿ ಒಂದೊಂದನ್ನೇ ಸುತ್ತಿ, ನೆಲಕ್ಕೂ ಗೋ‌ಡೆಗೂ ತಾಗದ ಕಪಾಟಿನಲ್ಲಿಡಬಹುದು. ನುಸಿಗುಳಿಗೆ ಲಕೋಟೆಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ದೂರ ಇಡಿ. ಸಿಕ್ಕಿದ ಕ್ರಮದಲ್ಲೇ ಇರಲಿ. ಯಾರು ಯಾರಿಗೆ ಬರೆದದ್ದು, ಅವರಿಗೆ ಏನು ನಂಟು ಎಂದು ಮನೆಯ ಹಿರಿಯರಿಗೆ ನೆನಪಿದ್ದರೆ ಬೇರೆ ಪುಸ್ತಕದಲ್ಲಿ ಬರೆದಿಡಿ. ಲಕೋಟೆಯ ಮೇಲೆ ಪೆನ್ನು ತಾಗಿಸಬೇಡಿ. ಈ ಕೆಲಸಕ್ಕೆ ಅವಸರ ಇದೆ. ಲಕೋಟೆ ಇನ್ನೂ ಹತ್ತು ವರ್ಷ ತಾಳಬಹುದು, ಅಜ್ಜಿಯ ನೆನಪಿಗೆ ಅಷ್ಟು ಸಮಯವಿರುವುದಿಲ್ಲ.

ಕತ್ತರಿ ಹಿಡಿದ ಮಕ್ಕಳನ್ನು ಗದರಿಸಬೇಕಾಗಿಲ್ಲ. ಅವರ ಕೈಗೆ ಕತ್ತರಿಯ ಬದಲು ಭೂತಕನ್ನಡಿ ಕೊಟ್ಟು ಠಸ್ಸೆ ಓದಲು ಹೇಳಿ. ಅಂಚೆ ಇಲಾಖೆ 2017ರಲ್ಲಿ ಆರಂಭಿಸಿದ ‘ದೀನ್ ದಯಾಳ್ ಸ್ಪರ್ಶ್’ ಯೋಜನೆಯಲ್ಲಿ ಆರರಿಂದ ಒಂಬತ್ತನೇ ತರಗತಿಯ ಅಂಚೆ ಸಂಗ್ರಾಹಕ ಮಕ್ಕಳಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ ಇಟ್ಟಿದೆ. ರಸಪ್ರಶ್ನೆ ಮತ್ತು ಪ್ರಾಜೆಕ್ಟ್ ನೋಡಿ ಆಯ್ಕೆ. ಶಾಲೆಯಲ್ಲಿ ಅಂಚೆ ಸಂಗ್ರಹ ಸಂಘ ಇರಬೇಕು, ಇಲ್ಲವೇ ಮಗುವಿನ ಹೆಸರಿನಲ್ಲಿ ಇಲಾಖೆಯ ಸಂಗ್ರಹ ಖಾತೆ ಇರಬೇಕು. ಗಡಿನಾಡಿನ ಕನ್ನಡ ಶಾಲೆಯ ಮಗು ‘ನಮ್ಮ ಮನೆಯ ನಾಲ್ಕು ವಿಳಾಸ’ ಎಂದು ಪ್ರಾಜೆಕ್ಟ್ ಮಾಡಿದರೆ ದೆಹಲಿ, ಚೆನ್ನೈಯ ಮಕ್ಕಳ ಹತ್ತಿರ ಇಲ್ಲದ ಸಾಮಗ್ರಿ ಅದರ ಹತ್ತಿರ ಇರುತ್ತದೆ. ಮಾಸ್ತರರು ಯೋಚಿಸಬಹುದು.

ಈಗಿನ ಕಾಲದ್ದನ್ನೂ ಬಿಡಬಾರದು. ಟೆಲಿಗ್ರಾಂ 2013ರ ಜುಲೈಯಲ್ಲಿ ನಿಂತಿತು. ಅದರ ಲಕೋಟೆ ಎಷ್ಟು ಮನೆಯಲ್ಲಿದೆ? ರಿಜಿಸ್ಟರ್ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿದರು. ಬ್ಯಾಂಕು, ಕೋರ್ಟು, ಪಂಚಾಯತಿನಿಂದ ಬಂದ ರಿಜಿಸ್ಟರ್ ಲಕೋಟೆಗಳು ಫೈಲುಗಳಲ್ಲಿ ಇನ್ನೂ ಇವೆ, ಹುಡುಕಿದರೆ ಈಗಲೇ ಸಿಗುತ್ತವೆ. ನಿಮ್ಮ ಊರಿನ ಅಂಚೆ ಕಚೇರಿಯ ಠಸ್ಸೆ ಬೇಕಿದ್ದರೆ ಒಂದು ಲಕೋಟೆಗೆ ನಿಮ್ಮದೇ ವಿಳಾಸವನ್ನು ಕನ್ನಡದಲ್ಲಿ ಬರೆದು ಚೀಟಿ ಅಂಟಿಸಿ ಕೌಂಟರಿನಲ್ಲಿ ಕೊಡಿ, ‘ಠಸ್ಸೆ ಸ್ವಲ್ಪ ಸ್ಪಷ್ಟ ಒತ್ತಿ’ ಎಂದು ಕೇಳಿ. ಕೇಳಿದರೆ ಒತ್ತಿಕೊಡುತ್ತಾರೆ.

ಈಗಾಗಲೇ ಕತ್ತರಿಸಿಬಿಟ್ಟಿದ್ದರೆ? ಚೀಟಿಯ ಸುತ್ತ ಕಾಗದ ಉಳಿದಿದ್ದು ಅದರ ಮೇಲೆ ಠಸ್ಸೆಯ ಊರು, ತಾರೀಕು ಕಾಣುತ್ತಿದ್ದರೆ ನೀರಿಗೆ ಹಾಕಬೇಡಿ, ತುಂಡನ್ನು ಹಾಗೆಯೇ ಇಡಿ. ಚೀಟಿ ಹೋದ ಲಕೋಟೆ ಎಲ್ಲಾದರೂ ಸಿಕ್ಕರೆ ಅದನ್ನೂ ಇಡಿ. ಹಿಂಬದಿಯ ಠಸ್ಸೆ ಅದರಲ್ಲಿ ಇರುತ್ತದೆ.